ಎಲ್ಲೆ ಮೀರದ ನೇಗಿಲು

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಷೈರ್ ಪ್ರಾಂತದ ಲ್ಯಾಕ್ಸ್‌ಟನ್ ಎಂಬ ಪುಟ್ಟ ಗ್ರಾಮಕ್ಕೆ ಹೋದಾಗ ನನ್ನ ಮನಸ್ಸನ್ನು ಸೆಳೆದವು ಅಲ್ಲಿನ ಬೇಲಿಯಿಲ್ಲದ ಹೊಲಗಳು. ಆ ದೇಶದ ಇತರೆಡೆಗಳಲ್ಲಿ ಬಹುತೇಕ ಅಳಿದುಹೋದ ಮಧ್ಯಯುಗದ ಸಾಮೂಹಿಕ ಬೇಸಾಯಪದ್ಧತಿ ಇಲ್ಲಿ ಇಂದಿಗೂ ಜೀವಂತವಾಗಿದೆ. ಊರಿಗೆ ಮೂರು ವಿಶಾಲವಾದ ಹೊಲಗಳು. ಪ್ರತಿಯೊಂದರಲ್ಲಿಯೂ ಹಲವು ರೈತರ ಪಟ್ಟಿಗಳು. ಸರದಿಯಂತೆ ಒಂದರಲ್ಲಿ ಗೋಧಿ, ಇನ್ನೊಂದರಲ್ಲಿ ವಸಂತದ ಬೆಳೆ, ಮೂರನೆಯದಕ್ಕೆ ವಿಶ್ರಾಂತಿ. 1635ರಲ್ಲಿ ರಚಿಸಿದ ನಕ್ಷೆಯಲ್ಲಿಯೂ ಈ ಪಟ್ಟಿಗಳನ್ನು ಕಾಣಬಹುದು.

ಬೇಲಿಯಿಲ್ಲದ ಕಡೆ ನೆರೆಯವನ ನೆಲಕ್ಕೆ ನೇಗಿಲು ಒಂದು ಸಾಲು ಜಾರುವುದು ಸುಲಭ. ಆದುದರಿಂದ ವರ್ಷಕ್ಕೊಮ್ಮೆ, ಚಳಿಗಾಲದ ಆರಂಭದಲ್ಲಿ, ಊರಿನವರೇ ಆದ ಪಂಚರು ಗೋಧಿಯ ಹೊಲವನ್ನು ನಡೆದು ನೋಡಿ, ಗೂಟ ನೆಟ್ಟು ಎಲ್ಲೆಯನ್ನು ಗುರುತಿಸುತ್ತಾರೆ. ಅನಂತರ 'ಕೋರ್ಟ್ ಲೀಟ್' ಎಂಬ ಗ್ರಾಮ ನ್ಯಾಯಸಭೆ ಸೇರಿ, ಎಲ್ಲೆ ಮೀರಿದವರಿಗೆ ದಂಡ ವಿಧಿಸುತ್ತದೆ. ಒಂದು ಬದುವಿನ ಜಗಳದಿಂದ ನನ್ನ ತಂದೆಯವರೂ ದೊಡ್ಡಪ್ಪನವರೂ ಹನ್ನೆರಡು ವರ್ಷ ಮಾತು ಬಿಟ್ಟಿದ್ದುದನ್ನು ಕಂಡ ನನಗೆ ಈ ವ್ಯವಸ್ಥೆಯ ಬೆಲೆ ಥಟ್ಟನೆ ತಿಳಿಯಿತು.

1952ರಲ್ಲಿ ಸರ್ಕಾರವೇ ಈ ಭೂಮಿಯನ್ನು ಕೊಂಡು ಪದ್ಧತಿಯನ್ನು ರಕ್ಷಿಸಿತು. 2020ರಲ್ಲಿ ಅದು ಥೋರ್ಸ್‌ಬಿ ಎಸ್ಟೇಟಿಗೆ ಸೇರಿತು. ಒಡೆಯರು ಬದಲಾದರೂ ಪಂಚರ ನಡಿಗೆ ನಿಂತಿಲ್ಲ. ನೆರೆಹೊರೆಯವರ ತೀರ್ಪಿಗೆ ವರ್ಷಕ್ಕೊಮ್ಮೆ ತಲೆಬಾಗುವ ಆ ವಿನಯವೇ ಲ್ಯಾಕ್ಸ್‌ಟನ್ನಿನ ನಿಜವಾದ ಆಸ್ತಿ.