ಸಾಸಿವೆಯೊಳಗಿನ ‘ಸ’

ಇಂಜಿನಿಯರಿಂಗ್ ಓದುವ ನಿಮ್ಮಲ್ಲಿ ಅನೇಕರಿಗೆ ಸಿಗ್ನಲ್ ಪ್ರೊಸೆಸಿಂಗ್ ಎಂದರೆ ಒಂದು ಜರ್ನಲ್, ಕೊನೆಗೊಂದು ವೈವಾ, ಅಷ್ಟೇ. ಸೀನಿಯರ್ ಕೊಟ್ಟ ಪ್ರೋಗ್ರಾಮನ್ನು ಕಂಪ್ಯೂಟರಿಗೆ ಹಾಕಿದರೆ ಗ್ರಾಫ್ ತಾನಾಗಿ ಬರುತ್ತದೆ, ಸಹಿಯೂ ಆಗುತ್ತದೆ. ಬಿ.ಎ. ಇಂಗ್ಲಿಷಿನವಳಿಗೆ ಇದರಲ್ಲೇನು ಕೆಲಸ ಎನ್ನುತ್ತೀರೇನೋ! ಕೊಂಢವಾದ ನಮ್ಮ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದ ತಂಗಿಯ ಮಗಳು ಊಟದ ಮೇಜಿನ ಮೇಲೆಯೇ ಈ ಪ್ರಯೋಗಗಳನ್ನು ಮಾಡುತ್ತಿದ್ದಳು. ಸೊಪ್ಪು ಬಿಡಿಸುತ್ತ ನಾನೂ ಕೇಳಿಸಿಕೊಂಡೆ.

ಮೊದಲನೆಯದು ಸ್ಯಾಂಪ್ಲಿಂಗ್. ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆಯುತ್ತೇವೆಯೋ ಅದರ ಅರ್ಧಕ್ಕಿಂತ ಕಡಿಮೆ ಕಂಪನಗಳನ್ನಷ್ಟೇ ಸರಿಯಾಗಿ ಹಿಡಿಯಬಹುದು. 3000 ಹರ್ಟ್ಸಿನ ಸ್ವರವನ್ನು ಸೆಕೆಂಡಿಗೆ 4000 ಸಲವಷ್ಟೇ ಅಳೆದರೆ ಅದು 1000 ಹರ್ಟ್ಸಾಗಿ ಕೇಳುತ್ತದೆ. “ಮಷಿನ್ನಿನ ಸಪ್ಪಳ ಯಾಕ, ನಮ್ಮ ಮಾತು ಹಾಕು” ಎಂದೆ. ನನ್ನಿಂದ “ಸಾಸಿವೆ” ಎನ್ನಿಸಿ 44,100ರ ದರದಲ್ಲಿ ಧ್ವನಿಮುದ್ರಿಸಿದಳು. ಪರದೆಯ ಚಿತ್ರದಲ್ಲಿ ‘ಸ’ 4000 ಹರ್ಟ್ಸಿನ ಮೇಲ್ಗಡೆ ದಟ್ಟವಾಗಿತ್ತು. ಹಳೆಯ ಟೆಲಿಫೋನಿನಂತೆ 8000ಕ್ಕೆ ಇಳಿಸಿದೊಡನೆ ಆ ಭಾಗ ಮಾಯ! ಫೋನಿನಲ್ಲಿ ಹೆಸರು ಬರೆಸುವಾಗ “ಎಫ್ ಅಲ್ಲ, ಸಾಂಗ್ಲಿಯ ಎಸ್” ಎಂದು ಇಷ್ಟು ವರ್ಷ ಕೂಗಿದ್ದು ಏಕೆಂದು ಆಗ ತಿಳಿಯಿತು.

ಇದಕ್ಕೆ ದುಬಾರಿ ಮ್ಯಾಟ್‌ಲ್ಯಾಬೇ ಬೇಕೆಂದಿಲ್ಲ. ಆಕ್ಟೇವ್, ಸೈಲ್ಯಾಬ್ ಉಚಿತ. ಕೇಂದ್ರ ಸರ್ಕಾರದ ವರ್ಚುವಲ್ ಲ್ಯಾಬ್ಸ್ ಯೋಜನೆಯಲ್ಲಿ ನಮ್ಮ ಪುಣೆಯ ಸಿಓಇಪಿಯೂ ಸುರತ್ಕಲ್ಲಿನ ಎನ್‌ಐಟಿಕೆಯೂ ಸೇರಿವೆ.

ಫಿಲ್ಟರಿನ ಪ್ರಯೋಗಕ್ಕೆ ನಾನೇ ಒಂದು ಕ್ಯಾಸೆಟ್ ತೆಗೆದುಕೊಟ್ಟೆ. ಧಾರವಾಡದ ಮನೆಯಲ್ಲಿ 1991ರಲ್ಲಿ ನಮ್ಮವ್ವ ಹಾಡಿದ ಬೀಸುವ ಪದ. ಅವ್ವ ಈಗಿಲ್ಲ. ಕರೆಂಟಿನ 50 ಹರ್ಟ್ಸಿನ ಗುಂಯ್‌ಗುಡುವಿಕೆಯನ್ನು ಕಿರಿದಾದ ಫಿಲ್ಟರ್ ಚೊಕ್ಕಟವಾಗಿ ತೆಗೆಯಿತು. ಉಮೇದಿ ಹೆಚ್ಚಿ ಟೇಪಿನ ಸುಸ್ಸೆನ್ನುವ ಸದ್ದನ್ನೂ ತೆಗೆಯಲು 4000ದ ಮೇಲಿನದನ್ನೆಲ್ಲ ಕತ್ತರಿಸಿದಾಗ, ಅವ್ವ ಬಾಯಿಗೆ ಸೆರಗು ಹಿಡಿದು ಹಾಡಿದಂತಾಯಿತು. ಟೇಪಿನ ಸದ್ದೂ ಅವ್ವನ ‘ಸ’ವೂ ಅದೇ ಎತ್ತರದಲ್ಲಿದ್ದರೆ ಸಾದಾ ಫಿಲ್ಟರಿಗೆ ಭೇದವೆಲ್ಲಿ ಗೊತ್ತಾಗಬೇಕು?

ಗ್ರಾಫ್ ಮಾತ್ರ ಬಹಳ ಚೆನ್ನಾಗಿತ್ತು. ಜರ್ನಲ್ಲಿಗೆ ಅಂಟಿಸಿದ್ದರೆ ಪೂರ್ತಿ ಅಂಕ ಸಿಗುತ್ತಿತ್ತು. ಆದರೆ ಹುಡುಗಿ ಕೈ ನಿಲ್ಲಿಸಿ, “ಮೌಶಿ, ಇಲ್ಲೆ ಯಾವ ಅಕ್ಷರ ಹೋತು?” ಎಂದಳು. ಪುಣೆಯಲ್ಲೇ ಹುಟ್ಟಿದವಳು, ಆ ಪದದ ಮಾತು ಅವಳಿಗೆ ಬಾರದು. ನಾನು ಸಾಲುಸಾಲಾಗಿ ಹೇಳಿದೆ, ಅವಳು ಕನ್ನಡದಲ್ಲಿ ನಿಧಾನವಾಗಿ ಬರೆದುಕೊಂಡಳು. ಆಮೇಲೆ ಆ ಹಾಳೆಯನ್ನು ಮುಂದಿಟ್ಟುಕೊಂಡು ಫಿಲ್ಟರನ್ನು ಸ್ವಲ್ಪ ಸ್ವಲ್ಪವೇ ಮೇಲೇರಿಸಿದಳು. 7000ಕ್ಕೆ ಬಂದಾಗ ‘ಸ’ ಮರಳಿತು, ಒಂದಿಷ್ಟು ಸುಸ್ ಸದ್ದೂ ಮರಳಿತು. ಇರಲಿ ಬಿಡು ಎಂದೆವು.

ನಿಮ್ಮ ಮನೆಯಲ್ಲೂ ಇಂಥ ಕ್ಯಾಸೆಟ್ಟುಗಳಿದ್ದರೆ ಮೊದಲು ಇದ್ದಹಾಗೇ ಒಂದು ಪ್ರತಿ ತೆಗೆದಿಡಿ. ಫಿಲ್ಟರ್ ಹಾಕುವಾಗ ಅಜ್ಜಿಯನ್ನೋ ಸೋದರತ್ತೆಯನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವರಿಗೆ ಪದ ಗೊತ್ತಿರುತ್ತದೆ.