ಕೆಂಪು ದೀಪ ಹತ್ತಿದ ದಿನ

ಮನೆಯಲ್ಲಿ ಒಂದು ಉಪಕರಣ ಸರಿಯಾಗಿ ನಡೆಯುತ್ತಿರುವವರೆಗೆ ಅದರ ಕಡೆಗೆ ನಾವು ಕಣ್ಣೆತ್ತಿ ನೋಡುವುದಿಲ್ಲ. ಅದು ಕೆಟ್ಟ ದಿನ ಅದರ ಪರಿಚಯವಾಗುತ್ತದೆ. ಅದರ ಜೊತೆಗೆ ನಮ್ಮ ಸ್ವಭಾವದ ಪರಿಚಯವೂ ಆಗುತ್ತದೆ. ಕಳೆದ ಶ್ರಾವಣದಲ್ಲಿ ಕಮಲಾಪುರದ ನಮ್ಮ ಮನೆಯಲ್ಲಿ ನಡೆದ ಸಣ್ಣ ಪ್ರಸಂಗವೊಂದನ್ನು ಶರಣಬಂಧುಗಳ ಮುಂದೆ ಇಡುತ್ತಿದ್ದೇನೆ. ಇದರಲ್ಲಿ ತಪ್ಪು ನನ್ನದು. ಆದ್ದರಿಂದ ಹೇಳುವ ಹೊಣೆಯೂ ನನ್ನದೇ.

ನಮ್ಮದು ಹಳೆಯ ಕಲ್ಲಿನ ಮನೆ. ಗೋಡೆಗಳು ಒಂದೂವರೆ ಮೊಳ ದಪ್ಪ, ನೆಲಕ್ಕೆ ಶಹಾಬಾದಿನ ಕಲ್ಲು. ಬೇಸಿಗೆಯಲ್ಲಿ ಈ ಗೋಡೆಗಳು ನಮ್ಮನ್ನು ಕಾಯುತ್ತವೆ. ಆದರೆ ಮೊಬೈಲಿನ ಸಿಗ್ನಲ್ಲನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹೀಗಾಗಿ ಮೊಮ್ಮಗನ ಓದಿಗೆಂದು ಎರಡು ವರ್ಷದ ಹಿಂದೆ ಇಂಟರ್ನೆಟ್ಟಿನ ಸಂಪರ್ಕ ಹಾಕಿಸಿದೆವು. ಕಂಬದಿಂದ ಬಂದ ತಂತಿ ಗೋಡೆಯನ್ನು ಹಾಯ್ದು, ತೆಳುವಾದ ಹಳದಿ ವೈರಾಗಿ, ನನ್ನ ಓದುವ ಕೋಣೆಯ ಮೂಲೆಯಲ್ಲಿರುವ ರೂಟರ್ ಎಂಬ ಬಿಳಿಯ ಪೆಟ್ಟಿಗೆಯನ್ನು ಸೇರುತ್ತದೆ.

ಅಂದು ನಸುಕಿನಲ್ಲಿ ಮಳೆಯ ತೇವ ಗೋಡೆಗೆ ಇಳಿದಿತ್ತು. ಪುಸ್ತಕಗಳು ನೆನೆದಾವೆಂಬ ಅಂಜಿಕೆಯಿಂದ, ಸರ್ಕಾರ 1993ರಲ್ಲಿ ಪ್ರಕಟಿಸಿದ ಸಮಗ್ರ ವಚನ ಸಂಪುಟದ 15 ಸಂಪುಟಗಳಿದ್ದ ಕಪಾಟನ್ನು ನಾನೊಬ್ಬನೇ ಒಂದು ಗೇಣು ಈಚೆಗೆ ಸರಿಸಿದೆ. ಆಮೇಲೆ ಸ್ನಾನ, ಲಿಂಗಪೂಜೆ, ಪ್ರಸಾದ ಮುಗಿಸಿ ಕುಳಿತೆ. ಕಪಾಟು ಸರಿಸಿದ್ದು ಮರೆತೇಹೋಯಿತು.

ಒಂಬತ್ತು ಗಂಟೆಗೆ ಮೊಮ್ಮಗ ಬಂದು, "ಮುತ್ಯಾ, ನೆಟ್ ಬರವಲ್ದು. ಸ್ಕಾಲರ್‌ಶಿಪ್ಪಿನ ಅರ್ಜಿ ಹಾಕಾಕ ಇವತ್ತೇ ಕಡೀ ದಿನ ಅದ" ಎಂದ. ಹಿಂದಿನ ರಾತ್ರಿ ಹನ್ನೆರಡರವರೆಗೆ ಅವನು ಮೊಬೈಲಿನಲ್ಲಿ ಆಟವಾಡುತ್ತಿದ್ದುದನ್ನು ನಾನು ಕಂಡಿದ್ದೆ. ಆ ಅಸಮಾಧಾನ ಮನಸ್ಸಿನಲ್ಲಿ ಹಾಗೆಯೇ ಇತ್ತು. "ರಾತ್ರಿಯೆಲ್ಲ ಆಡಿ ಕೆಡಿಸಿದವನು ನೀನು, ಈಗ ಅರ್ಜಿಯ ನೆನಪಾಯಿತೇ?" ಎಂದು ಗದರಿಸಿದೆ. "ನಾ ಏನೂ ಮಾಡಿಲ್ರಿ ಮುತ್ಯಾ" ಎಂದು ಎರಡು ಸಲ ಹೇಳಿದ. ನಾನು ಕೇಳಿಸಿಕೊಳ್ಳಲಿಲ್ಲ. ಅವನು ಕಾಗದಪತ್ರಗಳನ್ನು ಚೀಲಕ್ಕೆ ಹಾಕಿಕೊಂಡು, ನಾಷ್ಟಾ ಕೂಡ ಮಾಡದೆ, ತಂದೆ ಕೆಲಸ ಮಾಡುವ ಕಲಬುರಗಿಗೆ ಬಸ್ಸು ಹತ್ತಿದ.

ಅವನು ಹೋದ ಮೇಲೆ ನಾನೇ ಸರಿಪಡಿಸಿ ತೋರಿಸುವೆನೆಂದು ಪೆಟ್ಟಿಗೆಯ ಮುಂದೆ ಕುಳಿತೆ. ಅದರ ಮೇಲೆ ಒಂದು ಕೆಂಪು ದೀಪ ಮಿನುಗುತ್ತಿತ್ತು. ಅದು ಏನನ್ನು ಹೇಳುತ್ತಿದೆಯೆಂದು ವಿಚಾರಿಸದೆ ಮೂರು ಸಲ ಸ್ವಿಚ್ ಆರಿಸಿ ಹಾಕಿದೆ. ಫಲ ಕಾಣಲಿಲ್ಲ. ಹಿಂಬದಿಯಲ್ಲಿ ರೀಸೆಟ್ ಎಂದು ಬರೆದ ಸಣ್ಣ ತೂತು ಕಂಡಿತು. ಸೂಜಿಯಿಂದ ಅದನ್ನು ಒತ್ತಿ ಹಿಡಿದೆ. ದೀಪಗಳೆಲ್ಲ ಒಮ್ಮೆ ಆರಿ ಮತ್ತೆ ಹತ್ತಿದವು. ಕೆಂಪು ದೀಪ ಮಾತ್ರ ಮೊದಲಿನಂತೆಯೇ ಮಿನುಗುತ್ತಿತ್ತು.

ಸಂಜೆ ಕಸ ಗುಡಿಸಲು ಬಂದ ನಮ್ಮ ಮನೆಯವರು, "ಏನ್ರೀ, ಈ ಹಳದಿ ವೈರ್ ಕಪಾಟಿನ ಕಾಲಾಗ ಸಿಕ್ಕೊಂಡದ ನೋಡ್ರಿ" ಎಂದರು. ಬಗ್ಗಿ ನೋಡಿದೆ. ಬೆಳಿಗ್ಗೆ ನಾನೇ ಸರಿಸಿದ ಕಪಾಟಿನ ಕಾಲು ವೈರನ್ನು ಗೋಡೆಗೆ ಒತ್ತಿ ಮಡಿಚಿಟ್ಟಿತ್ತು. ಇಬ್ಬರೂ ಸೇರಿ ಕಪಾಟು ಹಿಂದೆ ತಳ್ಳಿ ವೈರನ್ನು ಬಿಡಿಸಿದೆವು. ನಿಮಿಷ ಕಳೆಯುವುದರೊಳಗೆ ಕೆಂಪು ದೀಪ ಆರಿತು, ಅದರ ಪಕ್ಕದ ಹಸಿರು ದೀಪ ಸ್ಥಿರವಾಗಿ ನಿಂತಿತು. ಆದರೂ ಇಂಟರ್ನೆಟ್ ಬರಲಿಲ್ಲ!

ಮರುದಿನ ಬಂದ ಲೈನ್‌ಮನ್ ಹುಡುಗ ಕಾರಣ ತಿಳಿಸಿದ. ಆ ಹಳದಿ ವೈರಿನೊಳಗೆ ತಾಮ್ರವಿಲ್ಲ, ಗಾಜಿನ ಎಳೆಯಿದೆ. ಅದರಲ್ಲಿ ಹರಿಯುವುದು ವಿದ್ಯುತ್ತಲ್ಲ, ಬೆಳಕು. ಕೆಂಪು ದೀಪದ ಕೆಳಗೆ ಇಂಗ್ಲಿಷಿನಲ್ಲಿ ಎಲ್‌ಓಎಸ್ ಎಂಬ ಮೂರು ಅಕ್ಷರಗಳಿವೆ. ಬೆಳಕು ಬಂದು ಮುಟ್ಟುತ್ತಿಲ್ಲ ಎಂದು ಅದರ ಅರ್ಥ. ಪೆಟ್ಟಿಗೆ ಬೆಳಗಿನಿಂದ ಇದೊಂದನ್ನೇ ಹೇಳುತ್ತಿತ್ತು. ವೈರು ಬಿಡಿಸಿದಾಗ ಬೆಳಕು ಬಂದಿತು. ಆದರೆ ಸೂಜಿಯಿಂದ ಒತ್ತಿದಾಗ ಕಂಪನಿಯವರು ಪೆಟ್ಟಿಗೆಯೊಳಗೆ ತುಂಬಿಸಿದ್ದ ನಮ್ಮ ಖಾತೆಯ ಹೆಸರು, ಗುಪ್ತಪದ ಎರಡೂ ಅಳಿಸಿಹೋಗಿದ್ದವು. ಒಂದು ದೋಷವನ್ನು ಹುಡುಕಲು ಹೋಗಿ ಎರಡನೆಯದನ್ನು ನಾನೇ ಹುಟ್ಟಿಸಿದ್ದೆ. ಹುಡುಗ ಅವನ್ನು ಮತ್ತೆ ತುಂಬಿಸಿದ. ಐದು ನಿಮಿಷದಲ್ಲಿ ಎಲ್ಲವೂ ಸರಿಯಾಯಿತು.

ಆ ಗಾಜಿನ ಎಳೆಯ ವಿಷಯವನ್ನು ಆಮೇಲೆ ಓದಿ ತಿಳಿದುಕೊಂಡೆ. ಅದರ ದಪ್ಪ ಒಂದು ಮಿಲಿಮೀಟರಿನ ಎಂಟನೆಯ ಒಂದು ಭಾಗ. ನಡುವೆ ಬೆಳಕು ಹರಿಯುವ ದಾರಿಯಂತೂ ಕೂದಲಿಗಿಂತ ಎಷ್ಟೋ ಸಪುರ. ಒಳಗಿನ ಗಾಜಿಗೂ ಅದನ್ನು ಸುತ್ತಿದ ಗಾಜಿಗೂ ಗುಣದಲ್ಲಿ ತುಸು ವ್ಯತ್ಯಾಸವಿರುವುದರಿಂದ ಬೆಳಕು ಅಂಚಿನಿಂದ ಒಳಕ್ಕೆ ತಿರುಗುತ್ತ ಮುಂದೆ ಸಾಗುತ್ತದೆ. ಎಳೆಯನ್ನು ಬಹಳ ಮಡಿಚಿದರೆ ಆ ತಿರುವಿನಲ್ಲಿ ಬೆಳಕು ಹೊರಗೆ ಸೋರಿಹೋಗುತ್ತದೆ. ಗಾಜು ಶುದ್ಧವಾಗಿದ್ದರೆ ಅದರ ಮೂಲಕ ಬಹುದೂರ ಸುದ್ದಿ ಕಳಿಸಬಹುದೆಂದು 1966ರಲ್ಲಿ ತೋರಿಸಿಕೊಟ್ಟ ವಿಜ್ಞಾನಿ ಚಾರ್ಲ್ಸ್ ಕಾವ್ ಅವರಿಗೆ 2009ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ನಮ್ಮ ದೇಶದ ಗ್ರಾಮ ಪಂಚಾಯತಿಗಳಿಗೆ ಈ ಎಳೆಯನ್ನು ಒಯ್ಯುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟದ್ದು 2011ರಲ್ಲಿ. ಇಷ್ಟು ಜನರ ಶ್ರಮದಿಂದ ನಮ್ಮ ಕೋಣೆಯವರೆಗೆ ಬಂದ ಬೆಳಕನ್ನು ಕೊನೆಯ ಒಂದು ಗೇಣಿನಲ್ಲಿ ತಡೆದವನು ನಾನು.

ಇನ್ನೂ ನಾಚಿಕೆಯ ಮಾತೊಂದಿದೆ. ಬಾಲ್ಯದಲ್ಲಿ ಮಠದಲ್ಲಿ ತಾಳೆಗರಿ ಓದುವುದನ್ನು ಕಲಿತವನು ನಾನು. ಪಾಠ ಕೂಡದಿದ್ದಾಗ ಲಿಪಿಕಾರನನ್ನು ದೂರುವ ಮೊದಲು ಗರಿಯನ್ನು ಬೆಳಕಿಗೆ ಹಿಡಿದು ನೋಡಬೇಕು. ನಿನ್ನ ಓದೇ ತಪ್ಪಿದೆಯೇ ಎಂದು ಪರೀಕ್ಷಿಸಬೇಕು. ದೋಷದ ಜಾಗ ಗೊತ್ತಾಗುವವರೆಗೆ ಒಂದಕ್ಷರವನ್ನೂ ತಿದ್ದಬಾರದು ಎಂದು ಗುರುಗಳು ಹೇಳಿಕೊಟ್ಟಿದ್ದರು. ಐವತ್ತು ವರ್ಷ ಗ್ರಂಥಗಳ ವಿಷಯದಲ್ಲಿ ಈ ನಿಯಮವನ್ನು ಪಾಲಿಸಿದೆ. ಮನೆಯ ಹುಡುಗನ ವಿಷಯದಲ್ಲಿ ಒಂದು ನಿಮಿಷವೂ ಪಾಲಿಸಲಿಲ್ಲ.

ನಮ್ಮಂತೆಯೇ ಈ ಸೌಕರ್ಯ ಇಟ್ಟುಕೊಂಡ ಮನೆಗಳಿಗೆ ಉಪಯೋಗವಾಗಲೆಂದು ನಾನು ಕಲಿತ ಕ್ರಮವನ್ನು ಹೇಳುತ್ತೇನೆ. ಮೊದಲು ಪೆಟ್ಟಿಗೆಗೆ ಕರೆಂಟು ಬರುತ್ತಿದೆಯೇ ನೋಡಬೇಕು. ಎರಡನೆಯದಾಗಿ ಎಲ್‌ಓಎಸ್ ದೀಪ ಕೆಂಪಾಗಿದ್ದರೆ ವೈರು ಮಡಿಚಿದೆಯೇ, ಅದರ ತುದಿ ಸಡಿಲವಾಗಿದೆಯೇ, ಇಲಿ ಕಡಿದಿದೆಯೇ ಎಂದು ನೋಡಬೇಕು. ಮನೆಯೊಳಗೆ ಎಲ್ಲವೂ ಸರಿಯಿದ್ದರೆ ದೋಷ ಹೊರಗಿನ ಲೈನಿನಲ್ಲಿದೆಯೆಂದು ತಿಳಿದು ಕಂಪನಿಗೆ ತಿಳಿಸಬೇಕು. ವೈರು ಕಿತ್ತಿದ್ದರೆ ಅದರ ತುದಿಯನ್ನು ಕಣ್ಣಿಗೆ ಹಿಡಿದು ನೋಡಬಾರದು. ಅದರ ಬೆಳಕು ಕಾಣುವುದಿಲ್ಲ, ಆದರೆ ಕಣ್ಣಿಗೆ ಅಪಾಯ ಮಾಡಬಲ್ಲದು. ಮೂರನೆಯದಾಗಿ, ಬೆಳಕು ಬರುತ್ತಿದ್ದು ಇಂಟರ್ನೆಟ್ ಎಂಬ ದೀಪ ಮಾತ್ರ ಹತ್ತದಿದ್ದರೆ ಹಣ ಕಟ್ಟುವ ಅವಧಿ ಮುಗಿದಿರಬಹುದು, ಇಲ್ಲವೇ ದೋಷ ಕಂಪನಿಯ ಕಡೆಗಿರಬಹುದು. ನಾಲ್ಕನೆಯದಾಗಿ, ದೀಪಗಳೆಲ್ಲ ಸರಿಯಿದ್ದು ಒಂದೇ ಮೊಬೈಲಿನಲ್ಲಿ ಬಾರದಿದ್ದರೆ ದೋಷ ಆ ಮೊಬೈಲಿನದು. ದೂರದ ಕೋಣೆಯಲ್ಲಿ ಮಾತ್ರ ಬಾರದಿದ್ದರೆ ದೋಷ ನಮ್ಮ ಕಲ್ಲಿನ ಗೋಡೆಯದು. ಸ್ವಿಚ್ ಆರಿಸಿ ಅರ್ಧ ನಿಮಿಷ ಬಿಟ್ಟು ಹಾಕುವುದರಿಂದ ಹಾನಿಯಿಲ್ಲ. ಆದರೆ ರೀಸೆಟ್ಟಿನ ತೂತಿಗೆ, ತಿಳಿದವರು ಹೇಳುವವರೆಗೆ, ಸೂಜಿ ಹಾಕಬಾರದು.

ಮೊಮ್ಮಗ ಅಂದು ರಾತ್ರಿ ಎಂಟರ ಬಸ್ಸಿಗೆ ಮರಳಿದ. ಅರ್ಜಿ ಹಾಕಿಯಾಗಿತ್ತು. ಅವನಿಗೆಂದು ನಮ್ಮೂರಿನ ಕೆಂಪು ಬಾಳೆಯ ಹಣ್ಣು ತರಿಸಿ ಇಟ್ಟಿದ್ದೆ. ಅವನು ಕೈಕಾಲು ತೊಳೆದು ಕುಳಿತ ಮೇಲೆ, "ತಪ್ಪು ನನ್ನದಪ್ಪಾ. ಕಪಾಟು ಸರಿಸಿದವ ನಾನು" ಎಂದೆ. ಮೊಮ್ಮಕ್ಕಳ ಮುಂದೆ ಹಾಗೆ ಹೇಳಿ ನನಗೆ ರೂಢಿಯಿರಲಿಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರಲಿ ಬಿಡ್ರಿ ಮುತ್ಯಾ. ಆದ್ರ ಮುಂಜಾನೆ ನಾ ಹೇಳಿದ್ದು ಕೇಳಬೇಕಿತ್ತು" ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಈಗ ಆ ಕಪಾಟಿನ ಕಾಲಿಗೂ ಗೋಡೆಗೂ ನಡುವೆ ಒಂದು ಮರದ ತುಂಡು ಇಟ್ಟಿದ್ದೇನೆ. ದಿನವೂ ಪುಸ್ತಕ ತೆಗೆಯುವಾಗ ಅದು ಕಣ್ಣಿಗೆ ಬೀಳುತ್ತದೆ. ಮನೆಯಲ್ಲಿ ಏನಾದರೂ ಕೆಟ್ಟಾಗ, ಯಾರು ಕೆಡಿಸಿದರು ಎಂದು ಕೇಳುವ ಮೊದಲು, ಬೆಳಿಗ್ಗೆಯಿಂದ ನಾನು ಏನನ್ನು ಸರಿಸಿದೆ ಎಂದು ನೆನಪು ಮಾಡಿಕೊಳ್ಳುವುದನ್ನು ಈ ವಯಸ್ಸಿನಲ್ಲಿ ಕಲಿಯುತ್ತಿದ್ದೇನೆ.