ಬನಶಂಕರಿ ಜಾತ್ರೆಯಲ್ಲಿ ಖಣದ ಸರ

ವಿಜಯಪುರದಿಂದ ಹುಬ್ಬಳ್ಳಿಗೆ ಹೋಗುವ ಬಸ್ಸಿನಲ್ಲಿ ನೀವು ಎಂದಾದರೂ ಕುಳಿತಿದ್ದರೆ ನಮ್ಮ ಕೆರೂರನ್ನು ನೋಡಿಯೇ ಇರುತ್ತೀರಿ. ಬಸ್ಸು ನಿಲ್ಲುತ್ತದೆ, ನಾಲ್ಕು ಜನ ಇಳಿಯುತ್ತಾರೆ, ಆರು ಜನ ಹತ್ತುತ್ತಾರೆ, ಚಹಾ ಕುಡಿಯುವವರು ಕುಡಿಯುತ್ತಾರೆ, ಬಸ್ಸು ಹೊರಡುತ್ತದೆ. “ಇದ್ಯಾವ ಊರು?” ಎಂದು ಕೇಳುವಷ್ಟರಲ್ಲಿ ಊರು ಹಿಂದೆ ಸರಿದಿರುತ್ತದೆ. ಇಂಥ ಊರಿನವಳಾದ ನಾನು ನಿಮಗೆ ಪ್ರವಾಸದ ಮಾತು ಹೇಳುವುದೆಂದರೆ ನಗು ಬಂದೀತು. ಆದರೆ ನಾನು ಹೇಳಹೊರಟ ಪ್ರವಾಸವೂ ದೂರದ್ದಲ್ಲ. ಕೆರೂರಿನಿಂದ ಬಾದಾಮಿ, ಬಾದಾಮಿಯಿಂದ ಐದು ಕಿಲೋಮೀಟರು ಬನಶಂಕರಿ. ಅಷ್ಟೇ. ಆದರೆ ಆ ದಾರಿ ನನ್ನ ಅವ್ವನಿಗೆ ಇಪ್ಪತ್ತೆರಡು ವರ್ಷ ಉದ್ದವಾಗಿತ್ತು.

ನಮ್ಮ ಮನೆಯವರದು ಹೊಲಿಗೆಯ ಕೆಲಸ. ಗುಳೇದಗುಡ್ಡದ ಖಣ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಇಳಕಲ್ ಸೀರೆಯಷ್ಟೇ ಬೇಕಾದ ವಸ್ತು. ಸೀರೆಯ ಮೈ ಒಂದು, ಸೆರಗು ಇನ್ನೊಂದು, ಎರಡರ ಹಾಸಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸಿ ನೇಯುವುದು ಇಳಕಲ್ಲಿನ ಹೆಚ್ಚುಗಾರಿಕೆ. ಅದಕ್ಕೆ ಒಪ್ಪುವ ಕುಬುಸ ಗುಳೇದಗುಡ್ಡದ ಖಣದ್ದು. ಕುಬುಸ ಹೊಲಿದು ಉಳಿದ ಖಣದ ಚೂರುಗಳನ್ನು ಎಸೆಯಲು ಮನಸ್ಸು ಬಾರದೆ ನಾನು ಚೀಲದಲ್ಲಿ ತುಂಬಿಡುತ್ತಿದ್ದೆ. “ಇದನ್ನೇನು ಉಪ್ಪಿನಕಾಯಿ ಹಾಕ್ತೀಯೇನ?” ಎಂದು ಇವರು ಚೇಷ್ಟೆ ಮಾಡುತ್ತಿದ್ದರು.

ಉಪ್ಪಿನಕಾಯಿ ಹಾಕಲಿಲ್ಲ, ಒಡವೆ ಮಾಡಿದೆ! ದಪ್ಪ ರಟ್ಟನ್ನು ರೂಪಾಯಿಯಗಲ ಕತ್ತರಿಸಿ, ಮೇಲೆ ಖಣದ ಚೂರನ್ನು ಬಿಗಿಯಾಗಿ ಅಂಟಿಸಿ, ಅಂಚಿಗೆ ರೇಷ್ಮೆ ದಾರ ಸುತ್ತಿ, ನಡುವೆ ಒಂದು ಪುಟ್ಟ ಕನ್ನಡಿ ಇಟ್ಟರೆ ಪದಕ. ಅದರ ಎರಡು ಬದಿಗೆ ಗಾಜಿನ ಮಣಿ ಪೋಣಿಸಿದರೆ ಸರ. ಚಿಕ್ಕವು ಕಿವಿಯೋಲೆ. ಹಳೆಯ ಬಳೆಗೆ ದಾರ ಸುತ್ತಿದರೆ ಹೊಸ ಬಳೆ. ಪೋಣಿಸುವ ಕೈ ನನಗೆ ಅಜ್ಜಿಯಿಂದ ಬಂದದ್ದು. ತಾಯಿಯ ತಾಯಿ ಹಳೆಯ ಬಾಗಲಕೋಟೆಯಲ್ಲಿ ಓಣಿಯ ಮುತ್ತೈದೆಯರಿಗೆಲ್ಲ ಕರಿಮಣಿ ಪೋಣಿಸಿ ಕೊಡುತ್ತಿದ್ದಳು. ಕೊನೆಯ ಮಣಿಯ ಹತ್ತಿರ ಗಂಟು ಹಾಕುತ್ತಿರಲಿಲ್ಲ. ದಾರವನ್ನು ಹಿಂದಕ್ಕೆ ಮೂರು ಮಣಿಗಳೊಳಗೆ ಹಾಯಿಸಿ, ಅಲ್ಲಿ ಗಂಟು ಹಾಕಿ, ಗಂಟನ್ನು ಮಣಿಯೊಳಗೆ ಎಳೆದು ಬಿಡುತ್ತಿದ್ದಳು. “ಗಂಟು ಕಾಣಬಾರದು, ಕೊರಳಿಗೆ ಚುಚ್ಚಬಾರದು” ಎಂಬುದು ಅವಳ ಮಾತು.

ಆ ಅಜ್ಜಿಯ ಮನೆ ಈಗಿಲ್ಲ. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಲು 1964ರಲ್ಲಿ ಅಡಿಗಲ್ಲು ಹಾಕಿದರು. ನೀರು ನಿಲ್ಲುವ ಹೊತ್ತಿಗೆ ಒಂದು ತಲೆಮಾರೇ ಕಳೆದಿತ್ತು. ಹಿನ್ನೀರು ಘಟಪ್ರಭೆಯೊಳಗೆ ಹಿಮ್ಮೆಟ್ಟಿ ಬಂದು ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳನ್ನು ನುಂಗಿತು. ಜನ ನವನಗರಕ್ಕೆ ಹೋದರು, ಊರೂರಿಗೆ ಚದುರಿದರು. ನಮ್ಮ ಸೋದರಮಾವ ಪರಿಹಾರದ ಹಣ ಕೈಗೆ ಬಂದ ಮೇಲೆ ಮಗ್ಗದ ಕೆಲಸ ಹುಡುಕಿಕೊಂಡು ಮಹಾರಾಷ್ಟ್ರದ ಇಚಲಕರಂಜಿಗೆ ಹೋದ. ಹೋಗುವ ಮುಂಚೆ ಒಂದು ಮಾತಾಯಿತು. 2001ರಲ್ಲಿ ನಮ್ಮ ಅಪ್ಪ ಅವ್ವನ ಪರವಾಗಿ ಆ ಹಣದಲ್ಲಿ ಪಾಲು ಕೇಳಿದ. “ಮುಳುಗೋ ಮನಿಯೊಳಗ ಪಾಲು ಬೇಕೇನ ನಿನಗ?” ಎಂದು ಮಾವ ಕೇಳಿದ್ದು ಅಪ್ಪನನ್ನಲ್ಲ, ಅವ್ವನನ್ನು. ಅವ್ವ ಬೇಕೆನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಸುಮ್ಮನಿದ್ದಳು. ಆ ಸುಮ್ಮನಿದ್ದದ್ದೇ ತಪ್ಪಾಯಿತು. ಅಂದಿನಿಂದ ಪತ್ರವಿಲ್ಲ, ಫೋನಿಲ್ಲ. ಪಂಚಮಿಗೆ ತವರಿನಿಂದ ಕರೆಯಲು ಯಾರೂ ಬರಲಿಲ್ಲ. ಅಪ್ಪ ತೀರಿಕೊಂಡ ಮೇಲೂ ಅವ್ವ ಆ ವಿಷಯ ಬಾಯಿಬಿಟ್ಟು ಆಡಿದವಳಲ್ಲ.

2024ರ ಜನವರಿಯಲ್ಲಿ ನಾನು ಬನಶಂಕರಿ ಜಾತ್ರೆಯಲ್ಲಿ ಒಡವೆ ಮಾರಲು ಹೊರಟೆ. ಪುಷ್ಯಮಾಸದ ಬನದ ಹುಣ್ಣಿಮೆ ಆ ವರ್ಷ 25ಕ್ಕೆ ಬಂದಿತ್ತು. 2023ರ ಜೂನ್‌ನಿಂದ ಸರಕಾರಿ ಬಸ್ಸಿನಲ್ಲಿ ನಮಗೆ ಟಿಕೀಟಿನ ಖರ್ಚಿಲ್ಲ. ಇದ್ದದ್ದು ನಾಚಿಕೆಯ ಖರ್ಚು ಮಾತ್ರ! “ಜಾತ್ರ್ಯಾಗ ನೆಲದ ಮ್ಯಾಲೆ ಕುಂತು ಮಾರ್ತೀಯೇನ?” ಎಂದು ಓಣಿಯವರು ಕೇಳಿದರು. ಅವ್ವ ಮಾತ್ರ, “ಹೋಗು. ತಾಯಿ ಸನ್ನಿಧಿ. ಯಾರ್ಯಾರೋ ಬರ್ತಾರ” ಎಂದಳು. ಆ “ಯಾರ್ಯಾರೋ” ಯಾರೆಂದು ನಾನು ಕೇಳಲಿಲ್ಲ. ಬನಶಂಕರಿ ಅವ್ವನ ತವರಿನ ಮನೆದೇವರು.

ಬಾದಾಮಿಯಲ್ಲಿ ಇಳಿದಾಗ ಹೊತ್ತಿತ್ತು, ಗುಹೆ ಹತ್ತಿದೆ. ನೀವೂ ಹೋದರೆ ಮೂರನೆಯ ಗುಹೆಯನ್ನು ಬಿಡಬೇಡಿ. ಚಾಲುಕ್ಯರ ಮಂಗಳೇಶ ಕ್ರಿ.ಶ. 578ರಲ್ಲಿ ಮಾಡಿಸಿದ್ದು. ಎಲ್ಲರೂ ವಿಷ್ಣುವನ್ನು ನೋಡಿ ಇಳಿಯುತ್ತಾರೆ. ನೀವು ಕತ್ತೆತ್ತಿ ಕಂಬಗಳ ಮೇಲಿನ ಜೋಡಿಗಳನ್ನು ನೋಡಿ. ಆ ಹೆಂಗಸರ ಕೊರಳ ಹಾರ, ಸೊಂಟದ ಪಟ್ಟಿ, ತೋಳಿನ ಬಂದಿ! ಕೆಂಪು ಕಲ್ಲಿನಲ್ಲಿ ಮಣಿ ಮಣಿ ಎಣಿಸಬಹುದು. ಎರಡು ಎಳೆ ನಡುವೆ ಒಂದು ಪದಕ ತೂಗುವ ಮಾದರಿಯನ್ನು ನಾನು ಅಲ್ಲಿಂದಲೇ ಕದ್ದೆ. ಹದಿನಾಲ್ಕು ನೂರು ವರ್ಷದ ಹಿಂದಿನ ಅಕ್ಕಸಾಲಿಗ ಜಗಳಕ್ಕೆ ಬರುವುದಿಲ್ಲವಲ್ಲ!

ಬನಶಂಕರಿ ಚೊಳಚಗುಡ್ಡದ ಹತ್ತಿರ. ಗುಡಿಯ ಮುಂದೆ ಹರಿದ್ರಾತೀರ್ಥವೆಂಬ ದೊಡ್ಡ ಹೊಂಡ, ಅದರ ಮೂರು ಕಡೆ ಕಲ್ಲಿನ ಮಂಟಪ. ಒಳಗೆ ಸಿಂಹವಾಹಿನಿ, ಎಂಟು ಕೈಯ ಕಪ್ಪು ಶಿಲೆಯ ತಾಯಿ. ಬರಗಾಲದಲ್ಲಿ ಕಾಯಿಪಲ್ಲೆ ಕೊಟ್ಟು ಜನರನ್ನು ಉಳಿಸಿದ ಶಾಕಂಭರಿ ಇವಳೇ ಎಂದು ನಂಬಿಕೆ. ಅದಕ್ಕೇ ಪಲ್ಯದ ಹಬ್ಬದಲ್ಲಿ 108 ಬಗೆಯ ಪಲ್ಯದ ನೈವೇದ್ಯ. ಹುಣ್ಣಿಮೆಯ ಸಂಜೆ ತೇರು. ತೇರು ಮುಗಿದರೂ ಜಾತ್ರೆ ಮುಗಿಯುವುದಿಲ್ಲ, ತಿಂಗಳೊಪ್ಪತ್ತು ಜನ ಬರುತ್ತಲೇ ಇರುತ್ತಾರೆ. ಒಂದು ಕಡೆ ನಾಟಕ ಕಂಪನಿಗಳ ತಂಬು, ಇನ್ನೊಂದು ಕಡೆ ಕೆತ್ತನೆಯ ಬಾಗಿಲ ಚೌಕಟ್ಟುಗಳ ಸಾಲು. ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸರು, “ರೊಟ್ಟಿ ಉಣ್ತೀರೇನ್ರಿ?” ಎಂದು ಕೇಳುತ್ತಾರೆ. ಜೋಳದ ರೊಟ್ಟಿ, ಕೆಂಪು ಖಾರ, ಗಟ್ಟಿ ಮೊಸರು. ಗಿಡದ ನೆರಳಲ್ಲಿ ಕುಳಿತು ಉಂಡರೆ ಯಾವ ಹೋಟೆಲೂ ಬೇಡ.

ನಾನು ಅರವತ್ತು ಸರ, ನೂರು ಜೋಡಿ ಓಲೆ ಒಯ್ದಿದ್ದೆ. ಮೊದಲ ದಿನ ನಾಲ್ಕು ಓಲೆ ಮಾರಿದವು. ನೋಡಿ ಇಟ್ಟು ಹೋಗುವವರೇ ಹೆಚ್ಚು. ಎರಡನೆಯ ದಿನ ಪಕ್ಕದ ಬಳೆಗಾರತಿ, “ಬೆಲಿ ಹೇಳಿ ಸುಮ್ಮನ ಕುಂದ್ರಬ್ಯಾಡ್ರಿ, ನೀವೂ ಹಾಕ್ಕೊಂಡು ಕುಂದ್ರ್ರಿ” ಎಂದಳು. ನಾನೇ ಒಂದು ಸರ ಹಾಕಿಕೊಂಡು, ಮುಂದೆ ಒಂದು ಕೈಗನ್ನಡಿ ಇಟ್ಟೆ. ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡ ಹೆಣ್ಣುಮಗಳು ಬರಿಗೈಯಲ್ಲಿ ಹೋಗುವುದು ಕಷ್ಟ! ಅಂದು ಹನ್ನೊಂದು ಸರ ಹೋದವು. ವ್ಯಾಪಾರ ಮಾಡಬೇಕೆನ್ನುವ ತಂಗಿಯರಿಗೆ ನನ್ನ ಕಿವಿಮಾತು: ಮಣಿ, ಅಂಟು, ಕೊಕ್ಕೆಯ ಜತೆಗೆ ನಿಮ್ಮ ಹೊತ್ತಿನ ಕೂಲಿಯನ್ನೂ ಬೆಲೆಯಲ್ಲಿ ಹಿಡಿಯಿರಿ. ಚೌಕಾಸಿಗೆ ಹತ್ತು ರೂಪಾಯಿ ಇರಲಿ, ಅದಕ್ಕಿಂತ ಕೆಳಗೆ ಇಳಿಯಬೇಡಿ.

ಮೂರನೆಯ ದಿನ ಮಧ್ಯಾಹ್ನ ಒಬ್ಬ ಎಳೆಯ ಸೊಸೆ ಸರ ಆರಿಸುತ್ತಿದ್ದಳು. ಮಾತಿನಲ್ಲಿ ಮರಾಠಿಯ ಎಳೆ. ಹಿಂದೆ ನಿಂತಿದ್ದ ಮುದುಕಿ ಸರವನ್ನು ಕೈಗೆ ತಗೊಂಡಳು. ಪದಕ ನೋಡಲಿಲ್ಲ. ದಾರದ ತುದಿ ಹುಡುಕಿದಳು, ಉಗುರಿನಿಂದ ಮಣಿಗಳನ್ನು ಸರಿಸಿದಳು.

“ಈ ಗಂಟು ಯಾರ ಕಲಿಸಿದ್ರು?”

“ನಮ್ಮ ಅಜ್ಜಿ.”

“ಯಾವೂರಾಕಿ?”

“ಹಳೇ ಬಾಗಲಕೋಟಿ.”

ಮುದುಕಿ ಅಲ್ಲೇ ಮಣ್ಣಿನಲ್ಲಿ ಕುಳಿತುಬಿಟ್ಟಳು. “ನಿಮ್ಮವ್ವ ಅದಾಳೇನ?” ಎಂದಳು. ನನ್ನ ಹೆಸರು ಕೇಳಲಿಲ್ಲ, ತನ್ನ ಹೆಸರು ಹೇಳಲಿಲ್ಲ. ಹಣೆಯಲ್ಲಿ ಕುಂಕುಮವಿರಲಿಲ್ಲ. ಆಗ ತಿಳಿಯಿತು. ಅವಳು ನನ್ನ ಅತ್ತಿ. ಮಾವ 2021ರಲ್ಲೇ ಹೋಗಿದ್ದ. ನಮಗೆ ಯಾರೂ ಹೇಳಿರಲಿಲ್ಲ.

ಅಂಗಡಿ ಕಟ್ಟಿ ಅವರನ್ನು ಕೆರೂರಿಗೆ ಕರೆತಂದೆ. ದಾರಿಯುದ್ದಕ್ಕೂ ಅವ್ವನಿಗೆ ಹೇಗೆ ಹೇಳಲಿ ಎಂಬುದೇ ಚಿಂತೆ. ಹೇಳಬೇಕಾಗಲಿಲ್ಲ. ಬಾಗಿಲಲ್ಲಿ ಅತ್ತಿಯ ಹಣೆ ನೋಡಿ ಅವ್ವ ಗೋಡೆ ಹಿಡಿದಳು. ಇಬ್ಬರೂ ಬಹಳ ಹೊತ್ತು ಅತ್ತರು. ರಾತ್ರಿ ಉಂಡಾದ ಮೇಲೆ ಅವ್ವ ಕೇಳಿದಳು: “ವೈನಿ, ಕಡೀಕ ನನ್ನ ಹೆಸರ ತಗೊಂಡನೇನ?”

ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ಅತ್ತಿ ಮಾಡಲಿಲ್ಲ. “ಇಲ್ಲವ್ವಾ. ಹೆಸರ ತಗೊಳ್ಳಲಿಲ್ಲ. ಆದ್ರ ವರ್ಷಾ ಜಾತ್ರಿಗೆ ಬಂದಾಗ ನನಗೊಂದು ಖಣ ಕೊಂಡರ ಇನ್ನೊಂದು ಹೆಚ್ಚಿಗಿ ಕೊಳ್ತಿದ್ರು. ಯಾರಿಗೆ ಅಂತ ನಾ ಕೇಳಿಲ್ಲ, ಅವರು ಹೇಳಿಲ್ಲ. ಟ್ರಂಕಿನ್ಯಾಗ ಅದಾವು.”

ಅದೇ ವರ್ಷ ಪಂಚಮಿಗೆ ಮಾವನ ಮಗ ಬಂದ. ಅವ್ವನ ಉಡಿಗೆ ಹದಿನೇಳು ಖಣ ಹಾಕಿದ. ಕೆಲವು ಮಡಿಕೆಯ ಸಾಲಿನಲ್ಲಿ ಬಣ್ಣ ಮಾಸಿದ್ದವು. ಅವ್ವ ಎಲ್ಲವನ್ನೂ ಹಾಸಿಗೆಯ ಮೇಲೆ ಹರಡಿ ಒಂದೊಂದನ್ನೇ ಕೈಯಿಂದ ಸವರಿದಳು. “ಒಂದ್ಸಲ ‘ಬ್ಯಾಡ’ ಅಂದಿದ್ರ ಆಗ್ತಿತ್ತು” ಎಂದಳು. ಇಪ್ಪತ್ತೆರಡು ವರ್ಷದಲ್ಲಿ ಆ ಸಂಗತಿಯ ಬಗ್ಗೆ ಅವಳಾಡಿದ ಮೊದಲ ಮಾತು ಅದು. ಒಂದು ಖಣವನ್ನು ಇವರ ಕೈಗೆ ಕೊಟ್ಟು ಕುಬುಸ ಹೊಲಿಸಿಕೊಂಡಳು. ಹೊಲಿದು ಉಳಿದ ಚೂರು ನನ್ನ ಚೀಲಕ್ಕೆ ಬಂತು. ಅದರಿಂದ ಎರಡು ಪದಕ ಮಾಡಿ ಅಜ್ಜಿಯ ಗಂಟು ಹಾಕಿ, ಒಂದನ್ನು ಇಚಲಕರಂಜಿಗೆ ಕಳಿಸಿದೆ, ಇನ್ನೊಂದು ನನ್ನ ಕೊರಳಲ್ಲಿದೆ. ಉಳಿದ ಹದಿನಾರಕ್ಕೆ ನನ್ನ ಕತ್ತರಿ ಮುಟ್ಟುವುದಿಲ್ಲ.

ಬನದ ಹುಣ್ಣಿಮೆಗೆ ನೀವೂ ಬನ್ನಿ. ತೇರಿನ ದಿನ ನೂಕುನುಗ್ಗಲು. ಮಕ್ಕಳಿದ್ದರೆ ಎರಡು ದಿನ ಬಿಟ್ಟು ಬರುವುದು ಒಳ್ಳೆಯದು. ಬರುವಾಗ ನಿಮ್ಮ ಮನೆಯಲ್ಲೂ ಮಾತು ಬಿಟ್ಟವರು ಯಾರಾದರೂ ಇದ್ದರೆ, ಅವರ ಮನೆದೇವರು ಯಾವುದು, ಜಾತ್ರೆ ಯಾವಾಗ ಎಂದು ಒಮ್ಮೆ ನೆನಪಿಸಿಕೊಳ್ಳಿ. ಮೂರು ವರ್ಷ ಮೊದಲೇ ನಾನು ಅಲ್ಲಿ ಚಾಪೆ ಹಾಸಿದ್ದರೆ ಮಾವನೇ ಸಿಗುತ್ತಿದ್ದ.